16 ಕೆಜಿ ಹೊತ್ತು 42 ಕಿಲೋಮೀಟರ್ ನಡೆಯೋದಕ್ಕೆ ತಯಾರಿ ಹೇಗೆ?

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ವಯಸ್ಸು 34, ತೂಕ 70 ಕೆಜಿ. ಮಾರ್ಚ್‌ನಲ್ಲಿ ನ್ಯೂ ಮೆಕ್ಸಿಕೋದಲ್ಲಿ ನಡೆಯುವ 42 ಕಿಲೋಮೀಟರಿನ ಬಟಾನ್ ಸ್ಮರಣೆಯ ನಡಿಗೆಗೆ ‘ಹೆವಿ’ ವಿಭಾಗದಲ್ಲಿ, ಅಂದರೆ 16 ಕೆಜಿ ಹೊತ್ತು, ಹೋಗುವ ಆಸೆ. ಇನ್ನೂ ಆರು ತಿಂಗಳಿದೆ. 16 ಕೆಜಿ ಬ್ಯಾಗ್ ಹಾಕಿಕೊಂಡು ದಿನಾ ಓಡುತ್ತಿದ್ದೇನೆ. ಈಗ ಕೈಬೆರಳು ಜುಮ್ಮೆನ್ನುತ್ತಿದೆ, ಮೊಣಕಾಲ ಕೆಳಗೆ ಮೂಳೆ ನೋಯುತ್ತಿದೆ. ಮುಂದುವರಿಸಬಹುದಾ?

ಉತ್ತರ: ಬೇಡ. ಓಟ ಇವತ್ತೇ ನಿಲ್ಲಿಸಿ, ಬ್ಯಾಗೂ ಕೆಳಗಿಡಿ.

ಮೊದಲು ಆ ಮೂಳೆ ನೋವು. ಬೆರಳಿಂದ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಳ್ ಅಂದರೆ ಅಥವಾ ಮಲಗಿದಾಗಲೂ ನೋಯುತ್ತಿದ್ದರೆ ಸಣ್ಣ ಬಿರುಕು ಇರಬಹುದು, ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಇದು ಎಕ್ಸ್‌ರೇಯಲ್ಲೂ ಕಾಣದೆ ಹೋಗುತ್ತದೆ. ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ನೆ ಬಿಡಬೇಡಿ, ನೋವು ಹೋಗದಿದ್ದರೆ ಡಾಕ್ಟರ್ ಹತ್ತಿರ ಮತ್ತೆ ಹೋಗಿ. ದಮ್ಮು ಕೆಲವೇ ವಾರದಲ್ಲಿ ಪಳಗುತ್ತದೆ, ಮೂಳೆಗೆ ತಿಂಗಳುಗಳೇ ಬೇಕು. ಹುಮ್ಮಸ್ಸಿನವರಿಗೇ ಪೆಟ್ಟು ಜಾಸ್ತಿ ಆಗುವುದು ಇದರಿಂದ.

ಕೈ ಜುಮ್ಮೆನ್ನುವುದು ಬಹುಶಃ ಭುಜದ ಪಟ್ಟಿ ನರ ಒತ್ತುತ್ತಿರುವುದರಿಂದ. ಸೊಂಟಪಟ್ಟಿ ಇರುವ ಬ್ಯಾಗ್ ತಗೊಳ್ಳಿ. ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು, ಹೊಟ್ಟೆ ಮೇಲಲ್ಲ. ಕೈಯಲ್ಲಿ ಬಲ ಕಡಿಮೆಯಾದಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅವರು ಸರಿ ಅಂದ ಮೇಲೆ 7 ಕೆಜಿ, 5 ಕಿಲೋಮೀಟರ್, ವಾರಕ್ಕೆ ಒಂದೇ ಸಲ. ನಡಿಗೆ ಮಾತ್ರ, ಹೆಜ್ಜೆ ಚಿಕ್ಕದಿರಲಿ. ದೂರ ಹೆಚ್ಚಿಸಿದ ವಾರ ತೂಕ ಹೆಚ್ಚಿಸಬೇಡಿ. ಉಳಿದ ದಿನ ಭಾರವಿಲ್ಲದೆ ನಡೆಯಿರಿ, ಸ್ಕ್ವಾಟ್ ಮಾಡಿ, ಮೆಟ್ಟಿಲು ಹತ್ತಿ.

ಹೆವಿ ವಿಭಾಗದಲ್ಲಿ ಅನೇಕರು ಅಕ್ಕಿ, ಬೀನ್ಸ್ ಕಾಳು ಹೊತ್ತು ನಡೆದು, ಮುಗಿದ ಮೇಲೆ ಹಸಿದವರಿಗೆ ದಾನ ಕೊಡುತ್ತಾರೆ. ಒಳ್ಳೆಯ ಪದ್ಧತಿ. ನೀವೂ ಅಕ್ಕಿಯಲ್ಲೇ ಅಭ್ಯಾಸ ಮಾಡಿ. ಇಡೀ ಮೂಟೆ ತಳಕ್ಕೆ ತುರುಕಿದರೆ ಹಿಂದಕ್ಕೆ ಜಗ್ಗುತ್ತದೆ. ಒಂದೊಂದು ಕೆಜಿಯ ಪೊಟ್ಟಣ ಕಟ್ಟಿ, ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ, ಬೆನ್ನಿಗೆ ತಾಗುವಂತೆ ಮೇಲ್ಭಾಗದಲ್ಲಿ ಇಡಿ.

ಆ ದಾರಿಯಲ್ಲಿ, ಅದೂ ಕೊನೆ ಕೊನೆಗೆ, ಕಾಲು ಹೂಳುವ ಮರಳು ಸಿಗುತ್ತದೆ. ಶೂ ಒಳಗೆ ಮರಳು ಹೋಗದಂತೆ ಮೇಲೆ ಕಟ್ಟುವ ಗವಸು (ಗೇಟರ್) ಹಾಕಿ, ಪಳಗಿದ ಶೂ ಮತ್ತು ಉಣ್ಣೆ ಸಾಕ್ಸ್ ಇರಲಿ. ಪಾದ ಎಲ್ಲಾದರೂ ಉರಿದರೆ ಅಲ್ಲೇ ನಿಂತು ಟೇಪ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಏನು ಪ್ರಯೋಜನ, ಅಲ್ವಾ?

ಫೆಬ್ರವರಿ ಕೊನೆಗೆ 16 ಕೆಜಿ ಹೊತ್ತು 25 ಕಿಲೋಮೀಟರ್ ನೋವಿಲ್ಲದೆ ಆಗದಿದ್ದರೆ, ಈ ಸಲ ಭಾರದ ನಿಯಮವಿಲ್ಲದ ‘ಲೈಟ್’ ವಿಭಾಗದಲ್ಲಿ ನಡೆಯಿರಿ. 1942ರಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ ಸೆರೆಸಿಕ್ಕ ಸೈನಿಕರ ನೆನಪಿನ ನಡಿಗೆ ಇದು. ಹೆವಿಗೆ ಮುಂದಿನ ವರ್ಷವೂ ಹೋಗಬಹುದು.