ಫೋನ್ ಕಸಿದರೆ ಸಾಕೇ?

ಪ್ರಶ್ನೆ: ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ 15 ವರ್ಷದ ಹುಡುಗಿಯೊಬ್ಬಳು ಫಾಸ್ಟರ್ ಕೇರ್‌ನಲ್ಲಿ (ತಾತ್ಕಾಲಿಕ ಪಾಲನೆಯಲ್ಲಿ) ನಮ್ಮ ಮನೆಯಲ್ಲಿದ್ದಾಳೆ. ಇನ್‌ಸ್ಟಾಗ್ರಾಮಿನಲ್ಲಿ ಅವಳು ಏನೂ ಹಾಕಿಲ್ಲ. ಆದರೂ ಅವಳ ಚಿಕ್ಕಪ್ಪ ಹುಡುಕಿ ಮೆಸೇಜು ಕಳಿಸಿದ್ದಾರೆ. ಅವರ ಸಂಪರ್ಕಕ್ಕೆ ಸಮಿತಿಯ ಒಪ್ಪಿಗೆಯಿಲ್ಲ. ಫೋನ್ ತೆಗೆದಿಡೋಣವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೇಡ. ಕಸಿದುಕೊಂಡರೆ ಗೆಳತಿಯ ಫೋನಿನಲ್ಲಿ ಇನ್ನೊಂದು ಖಾತೆ ತೆರೆದಾಳು, ಅದರಲ್ಲಿ ಏನಾದರೂ ನಿಮಗೆ ತಿಳಿಯುವುದೇ ಇಲ್ಲ.

ಚಿಕ್ಕಪ್ಪನಿಗೆ ದಾರಿ ತೋರಿಸಿದ್ದು ಬಹುಶಃ ಅವಳ ಹಳೆಯ ನಂಬರ್. ಅದು ಅವರ ಫೋನಿನಲ್ಲಿ ಸೇವ್ ಆಗಿದ್ದು, ಕಾಂಟ್ಯಾಕ್ಟ್ ಸಿಂಕ್ (ಫೋನಿನ ನಂಬರುಗಳನ್ನು ಇನ್‌ಸ್ಟಾಗ್ರಾಮಿಗೆ ಕೊಡುವ ಸೆಟ್ಟಿಂಗ್) ಆನ್ ಇದ್ದರೆ ಖಾತೆ ತಾನಾಗಿ ಅವರ ಕಣ್ಣಿಗೆ ಬೀಳಬಹುದು. ಫೋನ್ ಅವಳ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಹೇಳಿ: ಮೊದಲು ಪಾಸ್‌ವರ್ಡ್ ಬದಲಿಸುವುದು, ಆಮೇಲೆ ಲಾಗಿನ್ ಆಗಿರುವ ಫೋನುಗಳ ಪಟ್ಟಿ ನೋಡುವುದು. ಹಳೆಯ ಮನೆಯ ಫೋನಿನಲ್ಲಿ ಖಾತೆ ಇನ್ನೂ ತೆರೆದೇ ಇರುವುದುಂಟು; ಹಾಗಿದ್ದರೆ ಅವಳ ಚಾಟ್ ಎಲ್ಲ ಅಲ್ಲಿಯೂ ಕಾಣುತ್ತದೆ. ನಂತರ ಹಳೆಯ ನಂಬರ್ ತೆಗೆದು ಹೊಸದನ್ನು ಹಾಕಿ. ಗೂಗಲ್ ಖಾತೆಗೂ ಇಷ್ಟೇ ಕೆಲಸ, ಜೊತೆಗೆ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್‌ನಲ್ಲಿ ಯಾರ ಹೆಸರಿದೆ ಎಂದು ನೋಡಲು ಮರೆಯಬೇಡಿ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ತಪ್ಪು ಕೊಟ್ಟು 18 ದಾಟಿಸಿದ್ದರೆ ಸರಿಪಡಿಸಿ. ಇಲ್ಲದಿದ್ದರೆ ಇನ್‌ಸ್ಟಾಗ್ರಾಮಿನ ಟೀನ್ ಅಕೌಂಟ್ (18ರೊಳಗಿನವರ ಖಾತೆ) ರಕ್ಷಣೆ ಸಿಗುವುದಿಲ್ಲ.

ಚಿಕ್ಕಪ್ಪನ ಮೆಸೇಜಿಗೆ ಉತ್ತರ ಬೇಡ, ಅಳಿಸುವುದೂ ಬೇಡ. ಸ್ಕ್ರೀನ್‌ಶಾಟ್ ತೆಗೆದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ಆದರೆ ಹುಡುಗಿಯನ್ನು ಗದರಬೇಡಿ. ಅವಳಿಗೇ ಅವರೊಡನೆ ಮಾತಾಡುವ ಆಸೆಯಿದ್ದರೆ ಅದನ್ನೂ ಸಮಿತಿಯ ಮುಂದಿಡಿ, ಮಾತುಕತೆಗೆ ಅವಕಾಶ ಕೊಡಬೇಕೇ ಎಂದು ತೀರ್ಮಾನಿಸುವುದು ಸಮಿತಿಯೇ.

ಇನ್ನು ನಿಮ್ಮದೇ ಫೋನ್. ಜಾತ್ರೆಯ ಫೋಟೋ ಸ್ಟೇಟಸ್‌ಗೆ ಹಾಕುವ ಚಟ ನಮಗೆಲ್ಲ ಇದೆ. ಫೋಟೋದಲ್ಲಿ ಹುಡುಗಿಯಿದ್ದರೆ ಅವಳ ಯೂನಿಫಾರ್ಮಿನ ಬ್ಯಾಡ್ಜು, ಹಿಂದೆ ಕಾಣುವ ಬಸ್‌ಸ್ಟ್ಯಾಂಡಿನ ಬೋರ್ಡು ಸಾಕು, ಊರು ತಿಳಿಯಲು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಯಾರಾದರೂ ನಗ್ನ ಫೋಟೋ ಹಿಡಿದು ಬೆದರಿಸಿದರೆ ಹಣ ಕೊಡಬೇಡಿ. ಬಳಕೆದಾರನ ಹೆಸರು, ಪ್ರೊಫೈಲ್ ಲಿಂಕ್, ಬೆದರಿಕೆಯ ಮಾತು ಉಳಿಸಿಡಿ. ಸಾಕ್ಷಿಗೆಂದೂ ಆ ಫೋಟೋವನ್ನು ಯಾರಿಗೂ ಕಳಿಸಬೇಡಿ, ಕಳಿಸುವುದೇ ಅಪರಾಧ. ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ ಮುಚ್ಚಿಡಲು ಬಿಡುವುದಿಲ್ಲ. ಮಕ್ಕಳ ಸಹಾಯವಾಣಿ 1098 ರಾತ್ರಿಯೂ ಸಿಗುತ್ತದೆ; ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.