ಸರಾಸರಿ ಆಯುಷ್ಯ ಕುಸಿದರೆ ಕೂಸಿನ ಗತಿಯೇನು?

ಪ್ರಶ್ನೆ: 1918ರ ಫ್ಲೂನಿಂದ ಅಮೆರಿಕದ ಸರಾಸರಿ ಆಯುಷ್ಯ ಹನ್ನೆರಡು ವರ್ಷ ಕುಸಿಯಿತಂತೆ. ಆ ವರ್ಷ ಹುಟ್ಟಿದ ಮಕ್ಕಳೆಲ್ಲ ಬೇಗ ತೀರಿಕೊಂಡರೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲಮ್ಮ. ಸಂಖ್ಯಾಶಾಸ್ತ್ರ ಕಲಿಸುವಾಗ ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಿದ್ದರು. ಆ ಒಂದು ವರ್ಷದ ಸಾವಿನ ದರವೇ ಕೂಸಿನ ಬದುಕಿನುದ್ದಕ್ಕೂ ಮುಂದುವರಿದರೆ ಅದು ಎಷ್ಟು ಬಾಳೀತು ಎಂಬ ಲೆಕ್ಕವದು, ಭವಿಷ್ಯವಲ್ಲ. 1917ರಲ್ಲಿ ಸುಮಾರು 51 ಇದ್ದದ್ದು 1918ರಲ್ಲಿ 39ಕ್ಕೆ ಬಿತ್ತು. 1919ರಲ್ಲಿ 54 ದಾಟಿತು. ಅಷ್ಟು ಆಳಕ್ಕೆ ಬಿದ್ದದ್ದೇಕೆಂದರೆ, ಆ ಜ್ವರ 20ರಿಂದ 40ರ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಹೊತ್ತೊಯ್ದಿತು. 80ರ ಅಜ್ಜ ಹೋದರೆ ಲೆಕ್ಕದಲ್ಲಿ ಕೆಲವೇ ವರ್ಷ ಕಳೆಯುತ್ತದೆ. 28ರ ಬಾಣಂತಿ ಹೋದರೆ ದಶಕಗಳೇ. ಮನೆಯವರ ಸಂಕಟಕ್ಕೆ ಈ ಲೆಕ್ಕ ಅನ್ವಯಿಸದು, ಬಿಡಿ. ನಮ್ಮಲ್ಲಂತೂ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂತು; ಇಪ್ಪತ್ತನೇ ಶತಮಾನದಲ್ಲಿ ಹಾಗಾದದ್ದು ಆ ದಶಕದಲ್ಲಿ ಮಾತ್ರ.