ಅಪ್ಪನಿಗೆ ಮರೆವು ಶುರುವಾಗಿದೆ. ಈಗ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಕೊಡುವ ಸಾಮಾನ್ಯ ಅಧಿಕಾರಪತ್ರ) ಮಾಡಿಸಿಟ್ಟರೆ ಮುಂದಕ್ಕೆ ಸಾಕೇ?

ಸಾಲದು. ಜಿಪಿಎ ಅತ್ಯಂತ ಬೇಕಾಗುವ ಹೊತ್ತಿಗೇ ಬಿದ್ದುಹೋಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಸಹಿಗೆ ಬಲ ಬರುವುದೇ ಅವರ ಒಪ್ಪಿಗೆಯಿಂದ. ಒಪ್ಪುವ ಶಕ್ತಿಯೇ ಹೋದ ಮೇಲೆ ಸಹಿಗೂ ಬಲವಿಲ್ಲ. ಇಂಗ್ಲೆಂಡಿನಲ್ಲಿ ಆಮೇಲೂ ಉಳಿಯುವ ಅಧಿಕಾರಪತ್ರವಿದೆ, ನಮ್ಮಲ್ಲಿಲ್ಲ. ನೋಂದಣಿ ಮಾಡಿಸಿದರೂ, ‘ರದ್ದುಪಡಿಸಲಾಗದ್ದು’ ಎಂದು ಬರೆಸಿದರೂ (ಹಲವರು ಇದನ್ನೇ ನಂಬಿರುತ್ತಾರೆ) ಬರೀ ಅಷ್ಟರಿಂದ ಉಳಿಯದು.

ಗಟ್ಟಿ ದಾರಿ ಖಾಸಗಿ ಟ್ರಸ್ಟ್. ಆಸ್ತಿ ಟ್ರಸ್ಟಿಯ (ಅದನ್ನು ಅಪ್ಪನಿಗಾಗಿ ನೋಡಿಕೊಳ್ಳುವವರ) ಹೆಸರಿಗೆ ಹೋಗುವುದರಿಂದ ಅಪ್ಪನ ಸ್ಥಿತಿ ಬದಲಾದರೂ ಅದು ನಿಲ್ಲುವುದಿಲ್ಲ. ಮನೆ, ಜಮೀನು ಸೇರಿಸುವುದಾದರೆ ಪತ್ರ ನೋಂದಣಿಯಾಗಲೇಬೇಕು, ಮುದ್ರಾಂಕ ಶುಲ್ಕವೂ ಉಂಟು. ಸಹಿ ಹಾಕಿದ ದಿನ ಅಪ್ಪನಿಗೆ ತಿಳಿವಳಿಕೆ ಸರಿಯಿತ್ತೆಂದು ವೈದ್ಯರ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಣ್ಣತಮ್ಮಂದಿರ ತಕರಾರು ಹುಟ್ಟುವುದು ಸಾಮಾನ್ಯವಾಗಿ ಅಲ್ಲೇ.

ಕೊನೆಗಾಲದ ಚಿಕಿತ್ಸೆಗೆ ಬೇರೆ ಪತ್ರ ಬೇಕು: ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದು. 2023ರಿಂದ ಇದಕ್ಕೆ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಏನೂ ಮಾಡದೆ ಸ್ಥಿಮಿತ ತಪ್ಪಿದರೆ, ಆಸ್ತಿ ನೋಡಿಕೊಳ್ಳುವ ಪಾಲಕರ ನೇಮಕಕ್ಕೆ ಸಾಮಾನ್ಯವಾಗಿ ಹೈಕೋರ್ಟಿಗೇ ಹೋಗಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನಿರ್ವಹಣೆಗೆ ವ್ಯವಸ್ಥೆಯಿಲ್ಲ.